ಅಕ್ಕನ ಪುಟ

ಜನವರಿ 9

ಅಮ್ಮನವರಿಗೆ,

ಫೋನ್ ಮಾಡಿದರೆ ಮೂರನೆಯ ನಿಮಿಷಕ್ಕೆ ನಮ್ಮಿಬ್ಬರಲ್ಲಿ ಒಬ್ಬರು ಕುಕ್ಕಿ ಇಡುತ್ತೇವೆ. ಅದಕ್ಕೇ ಈ ಕಾಗದ. ಜಗಳಕ್ಕಲ್ಲ, ಒಂದು ಕೆಲಸಕ್ಕಾಗಿ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದೇನೆಂದು ಅಪ್ಪ ಹೇಳಿರಬಹುದು. ಕಳೆದ ತಿಂಗಳು ಹೊಸ ಮೇಲ್ವಿಚಾರಕರು ಬಂದರು. ಬಂದವರೇ ನಮ್ಮನ್ನೆಲ್ಲ ಸಾಲಾಗಿ ತೂಕದ ಯಂತ್ರ ಹತ್ತಿಸಿದರು. ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಸ್ಥೂಲಕಾಯ' ಎಂದು ಬರೆದು, ಡಾಕ್ಟರ ಸರ್ಟಿಫಿಕೇಟ್ ತರುವವರೆಗೆ ನೀರಿಗೆ ಇಳಿಯಕೂಡದು ಅಂದರು. ಈಗ ಎರಡು ವಾರದಿಂದ ದಡದಲ್ಲಿ ಕೂತು ಒದ್ದೆ ಟವೆಲ್ ಮಡಚುತ್ತಿದ್ದೇನೆ. ಮಕ್ಕಳು ನೀರಿನಿಂದ ತಲೆ ಎತ್ತಿ "ದೋಣಿ ಟೀಚರ್, ಬನ್ನಿ" ಅಂತ ಕೂಗುತ್ತಾರೆ. ನನ್ನ ಬೆನ್ನ ಮೇಲೆ ಹತ್ತಿ ಕೂರಬಹುದಲ್ಲ, ಅದಕ್ಕೆ ಆ ಹೆಸರು.

ಆಸ್ಪತ್ರೆಯಲ್ಲಿ ಸಿಕ್ಕ ಡಾಕ್ಟರಮ್ಮ ತೂಕದ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಖಾನೆಯಿಂದ ಟೇಪು ತೆಗೆದರು. ನನಗೆ ಕೈಕಾಲು ತಣ್ಣಗಾಯಿತು, ಯಾಕೆಂದು ನಿಮಗೆ ಗೊತ್ತು. ಆದರೆ ಅವರು ಸೊಂಟ, ನೀವು ಸೀಟು ಅನ್ನುವ ಹಿಂಭಾಗ, ತೊಡೆ, ತೋಳು ಅಳೆದು, ಬಾಯಿಬಿಡದೆ ಬರೆದುಕೊಂಡರು. ಆಮೇಲೆ, "ನಿಮ್ಮ ಮನೇಲಿ ಯಾರ್ಯಾರು ಯಾವ ಆಕಾರ ಇದ್ರು? ಐವತ್ತರ ಒಳಗೆ ಯಾರಾದ್ರೂ ಇದ್ದಕ್ಕಿದ್ದ ಹಾಗೆ ಹೋದ್ರಾ?" ಎಂದು ಕೇಳಿದರು. ದೊಡ್ಡಮ್ಮ ನಲವತ್ತಾರಕ್ಕೇ ಎದೆ ಹಿಡಿದುಕೊಂಡು ಕುಸಿದದ್ದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಎರಡೂ ಕಡೆಯವರ ವಿವರ ಬೇಕು ಅಂದರು. ನಿಮ್ಮ ಅಕ್ಕನದು, ಅಂದರೆ ದೊಡ್ಡಮ್ಮನದು, ಅಪ್ಪನ ಕಡೆ ಅಜ್ಜಿಯದು, ನಿಮ್ಮದು. ಗೊತ್ತಿದ್ದಷ್ಟು ತಿಳಿಸಿ. ಇಷ್ಟೇ.

ನಿಮ್ಮ ಮಗಳು


ಜನವರಿ 20

ಮಗಳೇ,

ಎರಡು ವರ್ಷಕ್ಕೆ ಒಂದು ಕಾಗದ ಬರೆದಿದ್ದೀ, ಅದರಲ್ಲಿ ನನ್ನನ್ನು 'ನೀವು' ಮಾಡಿದ್ದೀ. ಗಿರಾಕಿಗಳು ನನ್ನನ್ನು ನೀವು ಅನ್ನುತ್ತಾರೆ, ಪಕ್ಕದ ಅಂಗಡಿಯ ಬೀಗ ರಿಪೇರಿ ಮಾಡುವ ಕೀಲಿಕೈಯವನು ನೀವು ಅನ್ನುತ್ತಾನೆ. ಹೊತ್ತು ಹೆತ್ತವಳಿಗೂ ಅದೇ ಬಂತು. ಇರಲಿ, ಕ್ಷೇಮವಾಗಿದ್ದೀಯಲ್ಲ.

ಸ್ಥೂಲಕಾಯ ಅಂತ ಕೆಂಪು ಶಾಯಿಯಲ್ಲಿ ಬರೆದವನ ಕೈ ಸೇದಿಹೋಗಲಿ. ಇದನ್ನು ನಾನು ಹೇಳಿದರೆ ನಿನಗೆ ನಗು ಬರಬಹುದು. ನಾನು ಬೈದೆ, ನಿಜ. ಆದರೆ ನಾನು ಬೈಯುವುದು ಬೇರೆ, ಊರವರು ಬೈಯುವುದು ಬೇರೆ.

ಟೇಪು ಕಂಡರೆ ಕೈಕಾಲು ತಣ್ಣಗಾಯಿತು ಎಂದು ಬರೆದಿದ್ದೀ. ನಮ್ಮ ಹೊಲಿಗೆ ಅಂಗಡಿಯ ರೀತಿ ನಿನಗೆ ಗೊತ್ತಿಲ್ಲವೇ? ನಾನು ಅಳೆದು ಕೂಗಬೇಕು, ಆ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಾ ನಿನ್ನ ಅಪ್ಪ ಬರೆದುಕೊಳ್ಳಬೇಕು. ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಶಾಲೆಯ ಹೆಡ್‌ಮೇಡಮ್ಮಿನ ಸೀಟನ್ನೂ ಕೂಗಿದ್ದೇನೆ, ಕಟುಕನ ಹೊಟ್ಟೆಯನ್ನೂ ಕೂಗಿದ್ದೇನೆ. ಅವರ್‍ಯಾರೂ ಮನೆ ಬಿಟ್ಟು ಹೋಗಲಿಲ್ಲ.

ಯಾರಿಗೆ ಯಾವ ಕಾಯಿಲೆ ಎಂದು ಕೇಳಿದರೆ ನನಗೇನು ಗೊತ್ತು? ನನಗೆ ಗೊತ್ತಿರುವುದು ಅಳತೆ ಒಂದೇ. ಅದು ಬೇಕಾದಷ್ಟಿದೆ. ಅಕ್ಕ ಮದುವೆಗೆ ಮುಂಚಿನಿಂದ ನನ್ನ ಕೈಯಲ್ಲೇ ಹೊಲಿಸಿಕೊಂಡವಳು, ನಿನ್ನ ಅಜ್ಜಿಯೂ ಸಾಯುವವರೆಗೆ. ಅಂಗಡಿಯ ಅಳತೆ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ ಇದೆ. ನಿನ್ನ ಅಪ್ಪ ಕೂತು ನಕಲು ಮಾಡುತ್ತಿದ್ದಾರೆ. ನಿನ್ನ ಡಾಕ್ಟರಮ್ಮನಿಗೆ ಕೊಡು, ಟೇಪು ಹಿಡಿಯುವವರಿಗೆ ಅರ್ಥವಾಗುತ್ತದೆ.

ಅಕ್ಕನ ಬಗ್ಗೆ ಬಾಯಲ್ಲಿ ಹೇಳುವುದಾದರೆ, ಅವಳು ಎಷ್ಟು ತಿಂದರೂ ಕಡ್ಡಿಯ ಹಾಗೇ ಇದ್ದವಳು. ಕೈಕಾಲು ಸಣ್ಣ, ನರ ಎದ್ದು ಕಾಣುತ್ತಿತ್ತು. ಕತ್ತು, ಹೊಟ್ಟೆ ಮಾತ್ರ ಸ್ವಲ್ಪ ತುಂಬಿಕೊಂಡಿತ್ತು. "ದೊಡ್ಡಮ್ಮನ ನೋಡಿ ಕಲಿ" ಎಂದು ನಿನಗೆ ಎಷ್ಟು ಸಲ ಹೇಳಿಲ್ಲ.

ನನ್ನದೂ ಕೇಳಿದ್ದೀ. ನನ್ನ ಪುಟ ಪುಸ್ತಕದಲ್ಲಿಲ್ಲ. ದರ್ಜಿ ತನ್ನ ಅಳತೆ ಬರೆದಿಟ್ಟುಕೊಳ್ಳುತ್ತಾಳೆಯೇ? ನಾನು ಕಲ್ಲುಗುಂಡಿನ ಹಾಗಿದ್ದೇನೆ. ನನ್ನ ಚಿಂತೆ ಬಿಡು, ನಿನ್ನ ಬಾಯಿ ನೋಡಿಕೋ.

ನಿನ್ನ ಅಮ್ಮ


ಫೆಬ್ರುವರಿ 3

ಅಮ್ಮ,

ನಕಲು ಸೇರಿತು. ಅಪ್ಪ ನಕಲು ಮಾಡಿದರೆ ಪುಟದ ಮೇಲೆ ನೊಣ ಸತ್ತಿದ್ದರೆ ಅದನ್ನೂ ಬರೆಯುತ್ತಾರೆ. ತಾರೀಖು, ಬಟ್ಟೆಯ ಬಣ್ಣ, ಗುಂಡಿ ಎಷ್ಟು ಎಲ್ಲ ಇದೆ. ಡಾಕ್ಟರಮ್ಮ ಹಾಳೆಗಳನ್ನು ಮೇಜಿನ ತುಂಬ ಹರಡಿಕೊಂಡು, ಸಿಹಿ ಅಂಗಡಿಯೊಳಗೆ ಬಂದ ಮಗುವಿನ ಹಾಗೆ ಕಣ್ಣರಳಿಸಿದರು. "ಮೂವತ್ತು ವರ್ಷದ ಅಳತೆ! ನಮ್ಮ ದೊಡ್ಡ ಆಸ್ಪತ್ರೇಲೂ ಇಂಥದ್ದು ಇಲ್ಲಮ್ಮ" ಅಂದರು.

ಮೊದಲು ನನ್ನ ವಿಷಯ. ರಕ್ತ ಎಲ್ಲ ಪರೀಕ್ಷೆ ಮಾಡಿದರು. ಸಕ್ಕರೆ ಸರಿ, ಕೊಬ್ಬಿನಂಶ ಸರಿ, ಪಿತ್ತಜನಕಾಂಗ ಸರಿ. ನನಗೇ ನಂಬಿಕೆ ಬರಲಿಲ್ಲ, ಕಾಗದ ಅದಲುಬದಲಾಗಿದೆ ಎಂದುಕೊಂಡೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಒಂದೇ ತೂಕದ ಇಬ್ಬರನ್ನ ತಗೊಳ್ಳಿ. ಒಬ್ಬರಿಗೆ ಕೊಬ್ಬು ತೊಡೆ, ಸೀಟಲ್ಲಿ ಸೇರುತ್ತೆ. ಅದು ಗೋದಾಮಿದ್ದ ಹಾಗೆ, ತನ್ನ ಪಾಡಿಗೆ ಬಿದ್ದಿರುತ್ತೆ. ಇನ್ನೊಬ್ಬರಿಗೆ ಹೊಟ್ಟೆಯೊಳಗೆ, ಪಿತ್ತಜನಕಾಂಗದ ಸುತ್ತ ಸೇರುತ್ತೆ. ಅದೇ ಕಾಟ ಕೊಡೋದು. ಎಲ್ಲಿ ಸೇರ್ಬೇಕು ಅನ್ನೋದನ್ನ ಸುಮಾರಷ್ಟು ನಾವು ಹುಟ್ಟುವಾಗ್ಲೇ ತಂದಿರ್ತೀವಿ. ನೂರಾರು ಸಣ್ಣ ಸಣ್ಣ ವ್ಯತ್ಯಾಸ, ಸ್ವಲ್ಪ ಅಪ್ಪನ ಕಡೆಯಿಂದ, ಸ್ವಲ್ಪ ಅಮ್ಮನ ಕಡೆಯಿಂದ."

ಅಜ್ಜಿಯ ಪುಟ ನೋಡಿ ನಕ್ಕುಬಿಟ್ಟೆ. ಸೊಂಟ ಮೂವತ್ತನಾಲ್ಕು, ಸೀಟು ನಲವತ್ತೊಂಬತ್ತು. ನನಗಿಂತ ಒಂದೇ ಇಂಚು ಹೆಚ್ಚು. ಕೈಯಿರುವ ಕುರ್ಚಿಯಲ್ಲಿ ಹಿಡಿಸುತ್ತಿರಲಿಲ್ಲ, ಎಂಬತ್ತೆಂಟು ವರ್ಷ ಬಾಳಿದರು. ಹಾಗಂತ ಡಾಕ್ಟರಮ್ಮ ನನ್ನನ್ನು ಹೊಗಳಿ ಕಳಿಸಲಿಲ್ಲ. ಮಂಡಿ ಜೋಪಾನ, ತೂಕ ಹೀಗೇ ಏರುತ್ತಾ ಹೋದರೆ ಗೋದಾಮೂ ತುಂಬುತ್ತೆ ಅಂದರು. ಆದರೂ 'ಈಜು ಕಲಿಸಲು ಯೋಗ್ಯಳು' ಎಂದು ಬರೆದುಕೊಟ್ಟರು. ಮೇಲ್ವಿಚಾರಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮುಳುಗಲ್ಲ ಅಂತ ಗ್ಯಾರಂಟಿನಾ?" ಅಂದರು. "ಕೊಬ್ಬು ತೇಲುತ್ತೆ ಸಾರ್. ಮುಳುಗೋದು ನಿಮ್ಮಂಥ ಕಡ್ಡಿಗಳು" ಅಂದೆ. ಅವತ್ತೇ ನೀರಿಗಿಳಿದೆ.

ಇದನ್ನು ಬರೆಯುವಾಗ ಸಂತೋಷದ ಜೊತೆ ಸಿಟ್ಟೂ ಬರುತ್ತಿದೆ, ಅಮ್ಮ. ಗಿರಾಕಿಯ ಬಟ್ಟೆ ಬಿಗಿಯಾದರೆ ನೀನು ಏನು ಹೇಳುತ್ತಿದ್ದೆ? "ಹೊಲಿಗೆ ತಪ್ಪು, ಬಿಟ್ಟುಹೋಗಿ, ಸರಿಮಾಡಿ ಕೊಡ್ತೀನಿ." ಶಾಲೆಯ ಕೊನೆಯ ವರ್ಷ ನನ್ನ ಸಮವಸ್ತ್ರ ಸೀಟಿನ ಹತ್ತಿರ ಹರಿದಾಗ ಏನು ಹೇಳಿದೆ? "ಬಾಯಿ ಕಟ್ಟು." ಆಮೇಲೆ ಬಿಸ್ಕತ್ತಿನ ಡಬ್ಬಕ್ಕೆ ಬೀಗ ಹಾಕಿದೆ. ಏಳು ವರ್ಷ ಆ ಬೀಗ ನೋಡಿದೆ. ಕೊನೆಗೆ ಅಂಗಡಿ ತುಂಬ ಜನ ಇದ್ದಾಗ "ಸೀಟು ನಲವತ್ತೆಂಟೂ!" ಎಂದು ಕೂಗಿದೆಯಲ್ಲ, ಆ ಮಧ್ಯಾಹ್ನವೇ ಚೀಲ ತುಂಬಿಕೊಂಡು ಹೊರಟೆ. ನಾನು ಕದ್ದು ತಿನ್ನುತ್ತಿರಲಿಲ್ಲ. ಒಂದು ದಿನವೂ.

ಈಗ ಮುಖ್ಯ ಮಾತು. 'ಅಕ್ಕ' ಎಂದು ತಲೆಬರಹ ಇರುವ ಪುಟವನ್ನು ಡಾಕ್ಟರಮ್ಮ ತುಂಬ ಹೊತ್ತು ನೋಡಿದರು. ತೋಳು, ತೊಡೆ ವರ್ಷವರ್ಷಕ್ಕೂ ಸಣ್ಣ. ಸೊಂಟ ಮಾತ್ರ ಮೂವತ್ತಮೂರರಿಂದ ಮೂವತ್ತೆಂಟೂವರೆ ಇಂಚಿಗೆ ಏರಿದೆ. ಅಪರೂಪಕ್ಕೆ ಕೆಲವು ಮನೆತನಗಳಲ್ಲಿ ಒಂದೇ ಒಂದು ಜೀನು ಕೆಟ್ಟಿರುತ್ತದಂತೆ. ಅಂಥವರ ಕೈಕಾಲಿಗೆ ಕೊಬ್ಬು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಗೋದಾಮೇ ಇಲ್ಲದ ಮೇಲೆ ಸರಕು ಎಲ್ಲಿಗೆ ಹೋಗಬೇಕು? ಹೊಟ್ಟೆಯೊಳಗೆ, ರಕ್ತದೊಳಗೆ. ನೋಡುವವರ ಕಣ್ಣಿಗೆ ಮಾತ್ರ ತೆಳ್ಳಗೆ.

"ಈ ಕೊನೇ ಅಳತೆ ತೆಗೆದು ಎಷ್ಟು ದಿನಕ್ಕೆ ತೀರ್ಕೊಂಡ್ರು?" ಎಂದು ಕೇಳಿದರು. ನಾನು ತಾರೀಖು ನೋಡಿದೆ. ಕಳೆದ ಅಕ್ಟೋಬರ್.

ದೊಡ್ಡಮ್ಮ ಹೋಗಿ ಒಂಬತ್ತು ವರ್ಷವಾಯಿತು. ಅವರ ಪುಟದಲ್ಲಿ ಕಳೆದ ಅಕ್ಟೋಬರಿನ ಅಳತೆ ಯಾರದು, ಅಮ್ಮ?

ಮಗಳು


ಮಾರ್ಚ್ 17

ಅಮ್ಮ,

ಆರು ವಾರವಾಯಿತು. ಫೋನ್ ತೆಗೆಯುತ್ತಿಲ್ಲ. ಅಪ್ಪನಿಗೆ ಮಾಡಿದರೆ "ಗಿರಾಕಿ ಇದಾರೆ ಕಂದ" ಅನ್ನುತ್ತಾರೆ. ನಾನು ಸಿಟ್ಟಿನಿಂದ ಬರೆದದ್ದನ್ನೆಲ್ಲ ಒರೆಸಿಹಾಕು, ಆ ಕೊನೆಯ ಸಾಲು ಒಂದನ್ನು ಉಳಿಸಿಕೋ. ದೊಡ್ಡಮ್ಮನ ಅಂಗಿ ನಿನಗೆ, ನಿನ್ನ ಅಂಗಿ ಅವರಿಗೆ ಆಗುತ್ತಿತ್ತು, ನನಗೆ ನೆನಪಿದೆ. ಒಂದು ರಕ್ತಪರೀಕ್ಷೆ ಮಾಡಿಸು. ಬೆಳಿಗ್ಗೆ ಏನೂ ತಿನ್ನದೆ ಹೋಗಬೇಕು, ಐದು ನಿಮಿಷದ ಕೆಲಸ. ನಿನ್ನ ಕಾಲಿಗೆ ಬೀಳುತ್ತೇನೆ.

ಮಗಳು


ಮಾರ್ಚ್ 22

ಕಂದ,

ನಾನು ಕಾಗದ ಬರೆಯುವವನಲ್ಲ. ಇಸ್ತ್ರಿ ಪೆಟ್ಟಿಗೆ ಕಾಯುವಷ್ಟರಲ್ಲಿ ಬರೆದು ಮುಗಿಸುತ್ತೇನೆ. ನಿನ್ನ ಅಮ್ಮ ಗುಂಡಿ ತರಲು ಹೋಗಿದ್ದಾಳೆ.

ಪುಸ್ತಕದಲ್ಲಿ ಎಲ್ಲ ಪುಟವೂ ನನ್ನ ಅಕ್ಷರ. ಅತ್ತಿಗೆಯ, ಅಂದರೆ ನಿನ್ನ ದೊಡ್ಡಮ್ಮನ, ಪುಟದ ಕೆಳಭಾಗ ಮಾತ್ರ ನನ್ನದಲ್ಲ. ವರ್ಷಕ್ಕೊಮ್ಮೆ ನಾನು ಊಟಕ್ಕೆ ಹೋದ ಹೊತ್ತು ನೋಡಿ ನಿನ್ನ ಅಮ್ಮನೇ ಅಳೆದು ಬರೆಯುತ್ತಾಳೆ. ನನಗೆ ಎಂಟು ವರ್ಷದಿಂದ ಗೊತ್ತು. ಕೇಳಲು ಬಾಯಿ ಬರಲಿಲ್ಲ. ಕೇಳಿದ್ದರೆ ಪುಟ ಹರಿದುಹಾಕುತ್ತಿದ್ದಳು.

ನಿನಗೆ ನಕಲು ಮಾಡುವಾಗ, ಅತ್ತಿಗೆ ಹೋದ ವರ್ಷಕ್ಕೆ ನಿಲ್ಲಿಸಿಬಿಡಬಹುದಿತ್ತು. ನೋಡಿಕೊಂಡೇ ಪೂರ್ತಿ ಬರೆದೆ. ನನ್ನಿಂದ ಹೇಳಲಾಗದ್ದನ್ನು ನೀನು ಓದಿಕೊಳ್ಳಲಿ ಅಂತ.

ಅವಳು ಈಗ ದಿನಕ್ಕೆ ನಾಲ್ಕು ಜಗ್ ನೀರು ಕುಡಿಯುತ್ತಾಳೆ. ಪಾದ ಜುಮ್ಮೆನ್ನುತ್ತದೆ ಎಂದು ಮಷೀನಿನ ಪೆಡಲ್ ನನಗೆ ತುಳಿಯಲು ಹೇಳುತ್ತಾಳೆ. ನಿನ್ನ ಕಾಗದ ಓದಿದ ಮೇಲೆ ಅಳತೆ ತೆಗೆಯುವಾಗ ಕೂಗುವುದನ್ನು ಬಿಟ್ಟಿದ್ದಾಳೆ. ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡುತ್ತಾಳೆ. ಗಿರಾಕಿಗಳಿಗೆ ಅಂಗಡಿ ಬಿಕೋ ಅನ್ನಿಸುತ್ತಿದೆಯಂತೆ.

ಬೈದು ಬರೆಯಬೇಡ. ಹೆದರಿದ್ದಾಳೆ.

ಅಪ್ಪ


ಏಪ್ರಿಲ್ 2

ಮಗಳೇ,

ನಿನ್ನ ಅಪ್ಪನ ಮುಖ ನೋಡಿಯೇ ಗೊತ್ತಾಯಿತು, ಕಾಗದ ಹಾಕಿದ್ದಾರೆ ಎಂದು. ಮೂವತ್ತು ವರ್ಷ ಬಾಯಿ ಬಿಡದ ಮನುಷ್ಯ ಬಿಟ್ಟರೆ ಹೀಗೆ ಬಿಡಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ನಿನ್ನ ಕಾಗದ ಓದಿದ ದಿನ ನಾನು ಸೊಂಟ ಮುಟ್ಟಿ ನೋಡಿಕೊಂಡೆ.

ಹೌದು. ಆ ಅಳತೆ ನನ್ನದು.

ಅಕ್ಕನಿಗೆ ಕತ್ತರಿಸಿದ ಕಾಗದದ ಅಚ್ಚು ನನಗೂ ಆಗುತ್ತಿತ್ತು. ಒಂದು ಅಚ್ಚು, ಇಬ್ಬರ ಬಟ್ಟೆ. ಅವಳು ಹೋದ ವರ್ಷ ಚಳಿಗೆ ಒಂದು ಕೋಟು ಹೊಲಿದುಕೊಳ್ಳೋಣವೆಂದು ಅವಳ ಪುಟ ತೆಗೆದೆ. ಸೊಂಟ ಅರ್ಧ ಇಂಚು ಹೆಚ್ಚು ಬೇಕಿತ್ತು. ಎಲ್ಲಿ ಬರೆಯಲಿ? ಅಲ್ಲೇ ಅವಳ ಕೊನೆಯ ಸಾಲಿನ ಕೆಳಗೆ ಬರೆದೆ. ಬರೆದ ಮೇಲೆ, ಅವಳು ಇನ್ನೂ ಅಂಗಡಿಗೆ ಬಂದು ಹೋಗುತ್ತಿದ್ದಾಳೆ ಅನ್ನಿಸಿತು. ಮರುವರ್ಷವೂ ಬರೆದೆ. ಆಮೇಲೆ ಅದೇ ಅಭ್ಯಾಸವಾಯಿತು. ನನಗೆಂದು ಹೊಸ ಪುಟ ತೆಗೆದರೆ ಅವಳದು ಮುಗಿಯಿತು ಎಂದು ಒಪ್ಪಿಕೊಂಡಂತೆ. ಅದು ನನ್ನ ಕೈಲಾಗಲಿಲ್ಲ.

ಸಂಖ್ಯೆ ಏರುವುದು ನನಗೆ ಕಾಣುತ್ತಿರಲಿಲ್ಲವೇ? ಮೂವತ್ತು ವರ್ಷ ಟೇಪು ಹಿಡಿದವಳು ನಾನು. ತೋಳು ಸಣ್ಣಗಾಗುತ್ತಿದೆ, ಹೊಟ್ಟೆ ಬರುತ್ತಿದೆ, ಥೇಟ್ ಅಕ್ಕನ ದಾರಿ. ಅಕ್ಕನೂ ಹೀಗೇ ಜಗ್ಗುಗಟ್ಟಲೆ ನೀರು ಕುಡಿಯುತ್ತಿದ್ದಳು. ಪರೀಕ್ಷೆ ಮಾಡಿಸಿದರೆ ತಾನೇ ಕಾಯಿಲೆ, ಮಾಡಿಸದಿದ್ದರೆ ಏನೂ ಇಲ್ಲ ಎಂದು ಸುಮ್ಮನಿದ್ದೆ. ಕೈಲಾಗದವಳ ಜಾಣತನ.

ಇನ್ನು ನಿನ್ನ ವಿಷಯ. ಅಕ್ಕ ಸತ್ತಾಗ ಜನ, "ಕೊಬ್ಬು ಹೃದಯಕ್ಕೆ ಹತ್ತಿತಂತೆ" ಅಂದರು. ಕಡ್ಡಿಯಂಥ ಅಕ್ಕನಿಗೇ ಹಾಗಾದರೆ ನನ್ನ ಮಗಳ ಗತಿಯೇನು ಎಂದು ನನ್ನ ಎದೆ ಒಡೆಯಿತು. ನಿನ್ನ ಸಮವಸ್ತ್ರ ಹರಿದದ್ದು ಅದೇ ವರ್ಷ, ಅವಳು ಹೋಗಿ ಎರಡು ತಿಂಗಳಿಗೆ. ಅವತ್ತು ನನಗೆ ಹರಿದ ಬಟ್ಟೆ ಕಾಣಲಿಲ್ಲ, ನಿನ್ನನ್ನು ಅಕ್ಕನ ಹಾಗೆ ಮಲಗಿಸಿದ್ದು ಕಂಡಿತು. ಅದನ್ನು ಹೇಳುವುದು ಬಿಟ್ಟು "ಬಾಯಿ ಕಟ್ಟು" ಅಂದೆ. ಡಬ್ಬಕ್ಕೆ ಬೀಗ ಹಾಕಿದೆ. ಕಳ್ಳ ಹಿತ್ತಿಲಲ್ಲಿ ನಿಂತಿದ್ದ, ನಾನು ಒಂಬತ್ತು ವರ್ಷ ಮುಂಬಾಗಿಲು ಕಾದೆ.

ನೀನು ಕದ್ದು ತಿನ್ನುತ್ತಿರಲಿಲ್ಲ. ನಂಬುತ್ತೇನೆ. ತಡವಾಯಿತು, ಆದರೂ ನಂಬುತ್ತೇನೆ. ತಪ್ಪಾಯಿತು ಮಗಳೇ.

ನಾಳೆ ಬೆಳಿಗ್ಗೆ ಏನೂ ತಿನ್ನದೆ ಹೋಗುತ್ತೇನೆ. ನಿನ್ನ ಅಪ್ಪ ಅಂಗಡಿ ಮುಚ್ಚಿ ಜೊತೆಗೆ ಬರುತ್ತಾರಂತೆ. ಕೆಲಸದ ದಿನ ಅಂಗಡಿ ಮುಚ್ಚುವುದು ನೀನು ಹುಟ್ಟಿದ ಮೇಲೆ ಇದೇ ಮೊದಲು.

ನಿನ್ನ ಅಮ್ಮ


ಏಪ್ರಿಲ್ 28

ಮಗಳೇ,

ಫೋನಿನಲ್ಲಿ ಅರ್ಧ ಹೇಳಿದೆ, ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಏನೇ ಆಗಲಿ, ಹನ್ನೊಂದು ನಿಮಿಷ ಮಾತಾಡಿದೆವು, ನಮ್ಮ ಮಟ್ಟಿಗೆ ದಾಖಲೆ.

ರಕ್ತ ತೆಗೆದ ಹುಡುಗಿ ಕೊಳವೆಯನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಬೆಳಕಿಗೆ ಹಿಡಿದಳು. ಕೆಳಗೆ ಕೆಂಪು ಇಳಿದಿತ್ತು. ಮೇಲೆ ತಿಳಿಯಾಗಿ ನಿಲ್ಲಬೇಕಾದ ನೀರು ಹಾಲಿನ ಹಾಗೆ ಬೆಳ್ಳಗಿತ್ತು. "ಆಂಟಿ, ಇಷ್ಟು ಕೊಬ್ಬು ರಕ್ತದಲ್ಲಿ ನಾನು ನೋಡೇ ಇಲ್ಲ. ನೀವು ನೋಡಿದ್ರೆ ಇಷ್ಟು ತೆಳ್ಳಗಿದೀರ" ಅಂದಳು. ಸಕ್ಕರೆಯ ಸಂಖ್ಯೆ ಹೇಳುವುದಿಲ್ಲ, ನೀನು ಕೂಗಿಕೊಳ್ಳುತ್ತೀ. ಡಾಕ್ಟರು, "ಇನ್ನೊಂದಷ್ಟು ತಿಂಗಳು ಹೀಗೇ ಬಿಟ್ಟಿದ್ರೆ ಮೇದೋಜೀರಕ ಗ್ರಂಥಿ ಉರಿದು ಹೋಗ್ತಿತ್ತು, ಇಲ್ಲಾ ಎದೆಗೆ ಬರ್ತಿತ್ತು. ಈಗ ಬಂದ್ರಲ್ಲ, ಸಾಕು. ಇದಕ್ಕೆ ಮಾತ್ರೆ ಇದೆ, ದಾರಿ ಇದೆ" ಅಂದರು. ಎದೆಯ ಪರೀಕ್ಷೆಯೂ ಆಯಿತು. ರಕ್ತ ಹರಿಯುವ ಕೊಳವೆಗಳಲ್ಲಿ ಸ್ವಲ್ಪ ಪಾಚಿ ಹಿಡಿದಿದೆ, ಕಟ್ಟಿಲ್ಲ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಮನೆಗೆ ಬಂದು ನಿನ್ನ ಅಪ್ಪ ಇಸ್ತ್ರಿ ಪೆಟ್ಟಿಗೆಯ ಪಕ್ಕ ಕೂತು ಅತ್ತರು. ಒಂದು ಬಿಳಿ ಅಂಗಿಯ ಕಾಲರು ಸುಟ್ಟರು. ಅದು ಹೆಡ್‌ಮೇಡಮ್ಮಿನದು. ಹೊಸದು ಹೊಲಿದುಕೊಡಬೇಕು.

ಈಗ ಮಾತ್ರೆ ನುಂಗುತ್ತೇನೆ, ಎಣ್ಣೆ ಬಿಟ್ಟಿದ್ದೇನೆ, ಬೆಳಿಗ್ಗೆ ಕಾಲುವೆಯ ದಾರಿಯಲ್ಲಿ ನಡೆಯುತ್ತೇನೆ. ಬಿಸ್ಕತ್ತಿನ ಡಬ್ಬದ ಬೀಗ ತೆಗೆದು ಕೀಲಿಕೈಯವನಿಗೆ ಕೊಟ್ಟುಬಿಟ್ಟೆ. ಡಬ್ಬದಲ್ಲಿ ಈಗ ಗುಂಡಿ ಇಟ್ಟಿದ್ದೇನೆ.

ನನ್ನ ರಕ್ತವನ್ನು ನಿನ್ನ ಡಾಕ್ಟರಮ್ಮನಿಗೂ ಕಳಿಸಿದ್ದಾರೆ, ಆ ಜೀನು ನೋಡಲು. ನಿನ್ನದೂ ನೋಡುತ್ತಾರೆ ಅಂದೆಯಲ್ಲ, ಆ ಮಾತು ಬಂದಾಗಲೇ ನಾನು ಫೋನ್ ಇಟ್ಟದ್ದು. ತಾಯಿಗಿದ್ದರೆ ಮಕ್ಕಳಿಗೆ ಬರುವುದು ನಾಣ್ಯ ಚಿಮ್ಮಿದ ಹಾಗಂತೆ, ಅರ್ಧಕ್ಕರ್ಧ. ನನ್ನ ಸಕ್ಕರೆಗೆ ನಾನು ಹೆದರುವುದಿಲ್ಲ. ನಿನಗೆ ಏನನ್ನು ಕೊಟ್ಟಿದ್ದೇನೋ ಎಂದು ಊಟ ಇಳಿಯುತ್ತಿಲ್ಲ. ಇದುವರೆಗೆ ಯಾವ ತಾಯಿಯೂ ಬೇಡಿಕೊಳ್ಳದ್ದನ್ನು ದಿನಾ ಬೇಡಿಕೊಳ್ಳುತ್ತಿದ್ದೇನೆ: ನನ್ನ ಮಗಳ ಸೀಟು ನಲವತ್ತೆಂಟೇ ಇರಲಿ, ಒಂದು ಇಂಚೂ ಕರಗದಿರಲಿ.

ಅಕ್ಕನ ಮಗನಿಗೂ ಹೇಳಬೇಕು. ಅವನಿಗೂ ಸಣ್ಣ ಕಾಲು, ದಪ್ಪ ಕತ್ತು. ದಿನವಿಡೀ ಲಾರಿ ಓಡಿಸುತ್ತಾನೆ. ಹೇಗೆ ಹೇಳಲಿ ಎಂದು ತಿಳಿಯುತ್ತಿಲ್ಲ.

ನಿನ್ನ ಅಮ್ಮ


ಜೂನ್ 19

ಅಮ್ಮ,

ಡಾಕ್ಟರಮ್ಮ ಕರೆದು ಎರಡು ಲಕೋಟೆ ಕೊಟ್ಟರು. ಫೋನ್ ಮಾಡಬಹುದಿತ್ತು, ಆದರೆ ಇದು ನಿನ್ನ ಕೈಯಲ್ಲಿ ಕಾಗದವಾಗಿ ಇರಲಿ, ಬೇಕಾದಾಗ ತೆಗೆದು ನೋಡು.

ನನಗೆ ಇಲ್ಲ.

ಇನ್ನೊಂದು ಸಲ ಓದಿಕೋ. ನನಗೆ ಇಲ್ಲ, ಅಮ್ಮ. "ನಿಮ್ಮ ಆಕಾರ ನೋಡಿದ್ರೇ ಗೊತ್ತಾಗ್ತಿತ್ತು, ಆದ್ರೂ ಕಾಗದದ ಮೇಲೆ ಬರ್ಲಿ ಅಂತ ಕಾದೆ" ಅಂದರು. ನಾನು ಅಪ್ಪನ ಕಡೆಯ ಸರಕು, ಅಜ್ಜಿಯ ಅಚ್ಚು. ನಿನಗೆ ಇದೆ. ದೊಡ್ಡಮ್ಮನಿಗೂ ಇದ್ದಿರಬೇಕು, ಆಗ ಯಾರಿಗೂ ಗೊತ್ತಾಗಲಿಲ್ಲ. ಅವರು ಮಾಡಿದ ತಪ್ಪಿನಿಂದ ಸತ್ತದ್ದಲ್ಲ, ನೀನು ನೋಡಿಕೊಳ್ಳದೆ ಸತ್ತದ್ದೂ ಅಲ್ಲ. ಇದನ್ನು ನಿನಗೆ ಹೇಳಲೇಬೇಕೆಂದು ಡಾಕ್ಟರಮ್ಮ ಎರಡು ಸಲ ಹೇಳಿದರು.

ದೊಡ್ಡಮ್ಮನ ಮಗ ಅಣ್ಣನಿಗೆ ಹೋದ ತಿಂಗಳು ನಾನೇ ಹೇಳಿದೆ. ಲಾರಿ ನಿಲ್ಲಿಸಿಕೊಂಡು ಪೂರ್ತಿ ಕೇಳಿದ. "ಅಮ್ಮನ ಹಾಗೇ ಹೋಗ್ತೀನಿ ಅಂದ್ಕೊಂಡೇ ಇದ್ದೆ ಕಣೇ. ಇದಕ್ಕೆ ಮಾತ್ರೆ ಇದೆಯಾ?" ಎಂದು ಕೇಳಿ ಜೋರಾಗಿ ನಕ್ಕ. ಅಳುತ್ತಿದ್ದನೋ ನಗುತ್ತಿದ್ದನೋ ಫೋನಿನಲ್ಲಿ ತಿಳಿಯಲಿಲ್ಲ. ಮರುವಾರವೇ ಪರೀಕ್ಷೆ ಮಾಡಿಸಿದ, ಅವನಿಗೂ ಇದೆಯಂತೆ. ಮೂವತ್ತೊಂದಕ್ಕೇ ಗೊತ್ತಾಯಿತಲ್ಲ, ಅವನ ರಕ್ತ ಇನ್ನೂ ನಿನ್ನಷ್ಟು ಹಾಲಾಗಿಲ್ಲ.

ನಿನ್ನ ಹೊಸ ರಕ್ತಪರೀಕ್ಷೆ ಅಪ್ಪ ಕಳಿಸಿದರು. ತಿಳಿಯಾಗಿದೆ! ಓದಿ ಹಾಲು ಕುಡಿದಷ್ಟು ಸಂತೋಷವಾಯಿತು ಎಂದು ಬರೆಯಹೊರಟೆ, ಈಗ ಆ ಮಾತು ನಮ್ಮ ಮನೆಯಲ್ಲಿ ಆಡುವಂತಿಲ್ಲ.

ಭಾನುವಾರ ಬರುತ್ತಿದ್ದೇನೆ. ಡಾಕ್ಟರಮ್ಮನಿಗೆ ನಿನ್ನ ಸರಿಯಾದ ಅಳತೆ ಬೇಕಂತೆ. ತನ್ನ ಸೊಂಟ ತಾನೇ ಅಳೆದುಕೊಂಡರೆ ಬೆನ್ನ ಹಿಂದೆ ಟೇಪು ಜೋಲುತ್ತದೆ ಎಂದು ನನಗೆ ಹೇಳಿಕೊಟ್ಟವಳು ನೀನೇ. ಟೇಪು ನನ್ನ ಕೈಯಲ್ಲಿರುತ್ತದೆ. ನೀನು ಕೈ ಎತ್ತಿ ಸುಮ್ಮನೆ ನಿಲ್ಲಬೇಕು.

ನಿನ್ನ ಮಗಳು


ಜುಲೈ 5

ಮಗಳೇ,

ನೀನು ಹೋದ ಮೇಲೆ ಅಂಗಡಿ ಎರಡು ದಿನ ನಿಶ್ಶಬ್ದವಾಗಿತ್ತು. ಕೀಲಿಕೈಯವನು ಬಂದು, "ಮಗಳು ಅಂಗಡಿ ಬಾಗಿಲಲ್ಲಿ ನಿಂತು ನಿಮ್ಮ ಸೊಂಟ ಬೀದಿಗೆಲ್ಲ ಕೂಗಿದ್ಲಲ್ಲ, ಸರಿಯಾಯ್ತು ಬಿಡಿ" ಎಂದು ನಕ್ಕು ಹೋದ. ಕೂಗಿದ್ದು ಸರಿ ಮಗಳೇ, ಸಾಲ ತೀರಿತು. ಆದರೆ ಮುಂದಿನ ಸಲ ಬಾಗಿಲು ಮುಚ್ಚಿಕೊಂಡು ಕೂಗು.

ಮೂವತ್ತೇಳು. ನಾನೇ ಅಳೆದುಕೊಂಡಾಗ ಮೂವತ್ತೆಂಟೂವರೆ. ಒಂದೂವರೆ ಇಂಚಿನಲ್ಲಿ ಮಾತ್ರೆಯ ಪಾಲೆಷ್ಟು, ಜೋಲುವ ಟೇಪಿನ ಪಾಲೆಷ್ಟು ದೇವರಿಗೇ ಗೊತ್ತು. ನನ್ನ ಕೆಲಸದಲ್ಲಿ ನನಗೇ ಮೋಸ ಮಾಡಿಕೊಂಡಿದ್ದೆ.

ನೀನು ಹೊಸ ಪುಟ ತೆಗೆದು ಮೇಲೆ 'ಅಮ್ಮ' ಎಂದು ಬರೆದದ್ದನ್ನು ನೀನು ಬಸ್ಸು ಹತ್ತಿದ ಮೇಲೆ ನೋಡಿದೆ. ತುಂಬ ಹೊತ್ತು ನೋಡಿದೆ. ಆಮೇಲೆ ಹಿಂದಕ್ಕೆ ತಿರುಗಿಸಿ ಅಕ್ಕನ ಪುಟ ತೆಗೆದು, ಅವಳ ಕೊನೆಯ ಅಳತೆ ಯಾವುದು ಎಂದು ಹುಡುಕಿ, ಅದರ ಕೆಳಗೆ ಒಂದು ಗೆರೆ ಎಳೆದೆ. ಅವಳು ಸತ್ತಾಗ ನಾನು ಸರಿಯಾಗಿ ಅತ್ತಿರಲಿಲ್ಲ, ಹೆದರಿಕೆಯಲ್ಲೇ ಮುಗಿದುಹೋಗಿತ್ತು. ಮೊನ್ನೆ ಕೂತು ಮನಸಾರೆ ಅತ್ತೆ. ನಿನ್ನ ಅಪ್ಪ ಪಕ್ಕದಲ್ಲಿ ಒಂದು ಲೋಟ ನೀರು ತಂದಿಟ್ಟು, ಇಸ್ತ್ರಿಗೆ ಹೋದರು. ಎದ್ದಾಗ ಮೈ ಹಗುರವಾಗಿತ್ತು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಮಗಳೇ, ನನ್ನದೂ, ಅಕ್ಕನ ಮಗನದೂ. ನಿನ್ನ ತಲೆಗೆ ಬರಲೇ ಇಲ್ಲ.

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ನಿನ್ನ ಈಜಿನ ಉಡುಪು ತೊಡೆಯ ಹತ್ತಿರ ಕಚ್ಚಿ ಗಾಯ ಮಾಡುತ್ತಿದೆ ಎಂದು, ನೀನು ಬಂದಾಗ ಹಗ್ಗದ ಮೇಲೆ ಒಣಗಲು ಹಾಕಿದ್ದರ ಕಲೆ ನೋಡಿಯೇ ತಿಳಿದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದೆಲ್ಲ ಕಡ್ಡಿಗಳಿಗೆ ಹೊಲಿದದ್ದು. ಈ ಬಟ್ಟೆ ಎಳೆದರೆ ಹಿಗ್ಗುವ ಜಾತಿ, ನನ್ನ ಮಷೀನಿಗೆ ಹೊಸದು. ಮೂರು ಸೂಜಿ ಮುರಿದವು. ನಿನ್ನ ಅಳತೆ ತೆಗೆಯಲಿಲ್ಲ, ಕೇಳಲಿಲ್ಲ, ಎಲ್ಲೂ ಬರೆಯಲಿಲ್ಲ. ಅಜ್ಜಿಯ ಅಚ್ಚು ಅಟ್ಟದ ಮೇಲಿತ್ತು, ಒರೆಸಿ ಅದರಿಂದಲೇ ಕತ್ತರಿಸಿದೆ. ಸೀಟಿನ ಹತ್ತಿರ ಒಳಗೆ ಎರಡು ಇಂಚು ಬಟ್ಟೆ ಬಿಟ್ಟಿದ್ದೇನೆ.

ಹಾಕಿಕೊಂಡು ನೀರಿಗಿಳಿ. ಮಕ್ಕಳು ಬೆನ್ನ ಮೇಲೆ ಹತ್ತಲಿ. ಎಲ್ಲಾದರೂ ಬಿಗಿಯಾದರೆ ಬಿಟ್ಟುಹೋಗು, ಹೊಲಿಗೆ ತಪ್ಪು, ಸರಿಮಾಡಿ ಕೊಡುತ್ತೇನೆ.

ನಿನ್ನ ಅಮ್ಮ
ಸೊಂಟ ಮೂವತ್ತೇಳು